ನೆಲ ಮುಟ್ಟದ ವಿಮಾನಕ್ಕೆ ಅರ್ಥಿಂಗ್ ಎಲ್ಲಿಂದ? ಒಳಗೆ ಶಾಕ್ ಹೊಡೆಯುವ ಅಪಾಯವಿದೆಯೇ?

ಪ್ರಶ್ನೆ: ತಿಪಟೂರಿನ ತೋಟಿಗ

ಕಳೆದ ತಿಂಗಳು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವಾಗ ಸೀಟಿನ ಬಳಿಯ ಸಾಕೆಟ್‌ಗೆ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿ ಕೆಲಸ ಮಾಡುತ್ತಿದ್ದೆ. ಮುಂಗೈ ಲ್ಯಾಪ್‌ಟಾಪಿನ ಲೋಹದ ಅಂಚಿಗೆ ಹಗುರವಾಗಿ ತಾಗಿದಾಗಲೆಲ್ಲ ಜುಮ್ಮೆನ್ನುತ್ತಿತ್ತು. ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು, ಸಿಕ್ಕಿಸಿದರೆ ಮತ್ತೆ ಶುರುವಾಗುತ್ತಿತ್ತು. ನೋವೇನೂ ಆಗಲಿಲ್ಲ. ಆದರೆ ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಕುಳಿತಿರುವಾಗ ಇಂಥದೊಂದು ಅನುಭವವಾದರೆ ಮನಸ್ಸು ಸುಮ್ಮನಿರುವುದಿಲ್ಲ.

ನಮ್ಮ ಮನೆ ಇರುವುದು ತೆಂಗಿನ ತೋಟದಲ್ಲಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪಕ್ಕದಲ್ಲಿ ಅಪ್ಪ ಗುಂಡಿ ತೆಗೆಸಿ, ಪೈಪ್ ಇಳಿಸಿ, ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸಿದ್ದರು. ಬೇಸಿಗೆಯಲ್ಲಿ ಅದಕ್ಕೆ ವಾರಕ್ಕೊಮ್ಮೆ ನಾಲ್ಕು ಕೊಡ ನೀರು ಹಾಕುವ ಕೆಲಸ ಚಿಕ್ಕಂದಿನಲ್ಲಿ ನನ್ನದಾಗಿತ್ತು. ಹೀಗಾಗಿ ಅರ್ಥಿಂಗ್ ಎಂದರೆ ನನ್ನ ಮಟ್ಟಿಗೆ ಒದ್ದೆ ಮಣ್ಣು. ಮಣ್ಣೇ ಇಲ್ಲದ ವಿಮಾನದಲ್ಲಿ ಸಾಕೆಟ್‌ನ ಮೂರನೇ ತೂತು ಯಾವುದಕ್ಕೆ ಸೇರಿರುತ್ತದೆ? ಅಡುಗೆ ಮಾಡುವ ಜಾಗದಲ್ಲಿ ಓವನ್‌ನ ಒಳಗೆ ಫೇಸ್ ತಂತಿ ಕಳಚಿ ತಗಡಿಗೆ ತಾಗಿದರೆ, ಅದನ್ನು ಮುಟ್ಟಿದ ಗಗನಸಖಿಯ ಗತಿಯೇನು? ವಿದ್ಯುತ್ತು ಭೂಮಿಗೆ ಹೋಗಲು ದಾರಿಯಿಲ್ಲದ ಮೇಲೆ ಬ್ರೇಕರ್ ಬೀಳುವುದಾದರೂ ಹೇಗೆ? ವಿಮಾನಗಳ ವಿದ್ಯುತ್ ವ್ಯವಸ್ಥೆಯಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ಹ್ಯಾಂಗರಿನ ಹಳಬ

ತೋಟಿಗರೇ, ಬೆಂಗಳೂರಿನಲ್ಲಿ ವಿಮಾನಗಳ ವಿದ್ಯುತ್ ನಿರ್ವಹಣೆಯಲ್ಲಿಯೇ ಬಹುಕಾಲ ದುಡಿದು ನಿವೃತ್ತನಾದವನು ನಾನು. ಹೊಸದಾಗಿ ಸೇರಿದ ಹುಡುಗರಲ್ಲಿ ಬಹುತೇಕರು ಮೊದಲ ವಾರದಲ್ಲಿ ಕೇಳುತ್ತಿದ್ದ ಪ್ರಶ್ನೆ ಇದು. ತೊಡಕಿರುವುದು ‘ಅರ್ಥ್’ ಎಂಬ ಹೆಸರಿನಲ್ಲಿ. ಕನ್ನಡದಲ್ಲಿ ‘ಭೂಸಂಪರ್ಕ’ ಎಂದು ಬರೆದಾಗಲಂತೂ ವಿದ್ಯುತ್ತು ಮಣ್ಣನ್ನು ಹುಡುಕಿಕೊಂಡು ಹೋಗುತ್ತದೆಂಬ ಭಾವನೆ ಇನ್ನೂ ಗಟ್ಟಿಯಾಗುತ್ತದೆ. ವಿದ್ಯುತ್ತು ಹುಡುಕುವುದು ತಾನು ಹೊರಟ ಜಾಗವನ್ನು, ಅಂದರೆ ಜನರೇಟರಿನ ಅಥವಾ ಟೀಸಿಯ (ಊರಿನ ಟ್ರಾನ್ಸ್‌ಫಾರ್ಮರಿನ) ನ್ಯೂಟ್ರಲ್ ಬಿಂದುವನ್ನು. ನಿಮ್ಮೂರಿನ ಟೀಸಿಯ ನ್ಯೂಟ್ರಲ್ಲನ್ನು ನೆಲದಲ್ಲಿ ಹೂತಿದ್ದಾರೆ, ಆದ್ದರಿಂದ ಅಲ್ಲಿ ಮಣ್ಣೂ ಒಂದು ಮರಳುದಾರಿಯಾಗಿದೆ, ಅಷ್ಟೇ.

ವಿಮಾನದಲ್ಲಿ ಎಂಜಿನ್ನಿಗೆ ಜೋಡಿಸಿದ ಜನರೇಟರು ಸಾಮಾನ್ಯವಾಗಿ 115 ವೋಲ್ಟಿನ, 400 ಹರ್ಟ್ಸಿನ ಮೂರು ಫೇಸ್ ವಿದ್ಯುತ್ತನ್ನು ಕೊಡುತ್ತದೆ. ಎರಡು ಫೇಸುಗಳ ನಡುವೆ ಅಳೆದರೆ 200 ವೋಲ್ಟ್ ಸಿಗುತ್ತದೆ. ಮನೆಯ 50 ಹರ್ಟ್ಸ್ ಬಿಟ್ಟು 400 ಹರ್ಟ್ಸ್ ಆರಿಸಿಕೊಂಡಿರುವುದು ತೂಕ ಉಳಿಸುವುದಕ್ಕಾಗಿ. ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಕಡಿಮೆ ಸಾಕಾಗುತ್ತದೆ. ಈ ಜನರೇಟರಿನ ನ್ಯೂಟ್ರಲ್ ಬಿಂದುವನ್ನು ವಿಮಾನದ ಲೋಹದ ಒಡಲಿಗೇ ಕಟ್ಟಿರುತ್ತಾರೆ. ಅಲ್ಯೂಮಿನಿಯಮ್ ಒಡಲಿನ ವಿಮಾನಗಳಲ್ಲಿ ಅನೇಕ ಉಪಕರಣಗಳಿಗೆ ಹೋಗುವುದು ಫೇಸ್ ತಂತಿ ಮಾತ್ರ. ಕೆಲಸ ಮುಗಿಸಿದ ವಿದ್ಯುತ್ತು ಒಡಲಿನ ಮೂಲಕವೇ ಹಿಂದಿರುಗುತ್ತದೆ. 28 ವೋಲ್ಟಿನ ನೇರ ವಿದ್ಯುತ್ತಿನ ವ್ಯವಸ್ಥೆಗೂ ಇದೇ ದಾರಿ. ಬೈಕಿನಲ್ಲಿ, ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯನ್ನು ಚಾಸಿಗೆ ಕಟ್ಟಿರುವುದನ್ನು ನೀವು ನೋಡಿರುತ್ತೀರಿ.

ಈಗ ನಿಮ್ಮ ಓವನ್ನಿಗೆ ಬರೋಣ. ಫೇಸ್ ತಂತಿ ಕಳಚಿ ಓವನ್ನಿನ ತಗಡಿಗೆ ತಾಗಿತು ಎಂದುಕೊಳ್ಳಿ. ಆ ತಗಡನ್ನು ದಪ್ಪನೆಯ ಪಟ್ಟಿಯೊಂದರಿಂದ ವಿಮಾನದ ಒಡಲಿಗೆ ಬಿಗಿದಿರುತ್ತಾರೆ. ನಾವು ಅದನ್ನು ಬಾಂಡಿಂಗ್ ಜಂಪರ್ ಎನ್ನುತ್ತೇವೆ. ಜನರೇಟರಿನಿಂದ ಹೊರಟು ತಂತಿ, ತಗಡು, ಒಡಲು ಸುತ್ತಿ ಮತ್ತೆ ಜನರೇಟರಿಗೆ ಬರುವ ದಾರಿಯ ಒಟ್ಟು ರೋಧ ಒಂದು ಓಮಿನ ಹತ್ತನೇ ಒಂದು ಭಾಗ ಎಂದು ಲೆಕ್ಕ ಹಿಡಿದರೂ ಸಾವಿರ ಆಂಪಿಯರಿಗಿಂತ ಹೆಚ್ಚು ವಿದ್ಯುತ್ತು ನುಗ್ಗುತ್ತದೆ, ಬ್ರೇಕರ್ ಕ್ಷಣಾರ್ಧದಲ್ಲಿ ಬೀಳುತ್ತದೆ. ಆ ಕ್ಷಣಾರ್ಧದಲ್ಲಿ ಗಗನಸಖಿ ಒಂದು ಕೈಯಿಂದ ಓವನ್ನನ್ನೂ ಇನ್ನೊಂದು ಕೈಯಿಂದ ಪಕ್ಕದ ಲೋಹದ ಕಪಾಟನ್ನೂ ಹಿಡಿದಿದ್ದರೆ? ಜಂಪರಿನ ರೋಧ 2.5 ಮಿಲಿಓಮ್ ಇದ್ದು ಸಾವಿರ ಆಂಪಿಯರ್ ಹರಿದರೆ ಅವೆರಡರ ನಡುವೆ ಹುಟ್ಟುವ ವಿಭವಾಂತರ ಎರಡೂವರೆ ವೋಲ್ಟ್. ಅದು ಆಕೆಗೆ ಗೊತ್ತೂ ಆಗುವುದಿಲ್ಲ. ಮನುಷ್ಯನನ್ನು ಕೊಲ್ಲುವುದು ಎರಡು ಕಡೆ ಮುಟ್ಟಿದಾಗ ಅವುಗಳ ನಡುವೆ ಇರುವ ವಿಭವಾಂತರ. ಕೈಗೆ ಸಿಗುವ ಲೋಹವೆಲ್ಲ ಒಂದೇ ವಿಭವದಲ್ಲಿ ಇರುವಂತೆ ನೋಡಿಕೊಂಡರೆ, ಆ ಇಡೀ ಲೋಹದ ರಾಶಿ ಆಕಾಶದಲ್ಲಿದ್ದರೂ ನೆಲದಲ್ಲಿದ್ದರೂ ಒಂದೇ.

ಇದನ್ನೇ ನಿಮ್ಮ ತೋಟಕ್ಕೆ ಹೋಲಿಸಿ ನೋಡಿ. ಬೇಸಿಗೆಯಲ್ಲಿ ಆ ಗುಂಡಿಯ ರೋಧ 20 ಓಮ್ ಇದೆ ಎಂದುಕೊಳ್ಳೋಣ. ಮೋಟಾರಿನ ಬಾಡಿಗೆ ಫೇಸ್ ತಗುಲಿದರೆ ಮಣ್ಣಿನ ಮೂಲಕ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. 20 ಆಂಪಿಯರಿನ ಬ್ರೇಕರ್ ಅದಕ್ಕೆ ಬೀಳುವುದೇ ಇಲ್ಲ. ಮೋಟಾರಿನ ಬಾಡಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ ನಿಂತೇ ಇರುತ್ತದೆ. ವಿಮಾನದಲ್ಲಿ ಮಣ್ಣಿಲ್ಲವಲ್ಲ ಎಂದು ನೀವು ಚಿಂತಿಸಿದ್ದೀರಿ. ನನ್ನನ್ನು ಕೇಳಿದರೆ ಮಣ್ಣಿಗಿಂತ ಸಾವಿರಾರು ಪಾಲು ಉತ್ತಮವಾದ ಅರ್ಥಿಂಗ್ ಅಲ್ಲಿದೆ.

ಆದರೆ ಈ ರಕ್ಷಣೆಯೆಲ್ಲ ಜಂಪರ್ ಗಟ್ಟಿಯಾಗಿರುವ ತನಕ ಮಾತ್ರ. ಬೋಲ್ಟಿನ ಕೆಳಗೆ ಬಣ್ಣ ಉಳಿದಿದ್ದರೆ, ತೇವದಿಂದ ಲೋಹ ಸವೆದು ಬಿಳಿಯ ಪುಡಿ ಕಟ್ಟಿದ್ದರೆ, ಅಲುಗಾಟಕ್ಕೆ ಹೆಣಿಗೆಯ ಎಳೆಗಳು ತುಂಡಾಗಿದ್ದರೆ, ಓವನ್ನಿನ ತಗಡು 115 ವೋಲ್ಟಿನಲ್ಲಿ ನಿಂತಿರಲು ಸಾಧ್ಯ. ಅಡುಗೆ ಜಾಗದ ನೆಲದಲ್ಲಿ ನೀರೂ ಚೆಲ್ಲಿರುತ್ತದೆ, ಕಾಫಿಯೂ ಚೆಲ್ಲಿರುತ್ತದೆ. ಹೀಗಾಗಿ ಜಂಪರ್ ಕೂರಿಸುವ ಮುನ್ನ ಲೋಹ ಹೊಳೆಯುವ ತನಕ ಉಜ್ಜಿ, ಮಿಲಿಓಮ್ ಮೀಟರಿನಲ್ಲಿ ಅಳೆದು, ಬಿಗಿದ ಮೇಲೆ ತೇವ ತಾಗದಂತೆ ಮತ್ತೆ ಲೇಪನ ಕೊಡುವುದನ್ನು ನಾವು ಎಂದೂ ಬಿಟ್ಟವರಲ್ಲ.

ಹೊಸ ವಿಮಾನಗಳಲ್ಲಿ ಈ ಕೆಲಸ ಇನ್ನೂ ಕಠಿಣವಾಗಿದೆ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧದಷ್ಟು ಕಾರ್ಬನ್ ನಾರಿನ ಕಾಂಪೋಸಿಟ್. ಏರ್‌ಬಸ್ ಎ350ರಲ್ಲಿ ಅದಕ್ಕಿಂತ ತುಸು ಹೆಚ್ಚು. ಕಾರ್ಬನ್ ನಾರು ವಿದ್ಯುತ್ತನ್ನು ಹರಿಯಗೊಡುತ್ತದೆ, ಆದರೆ ಅಲ್ಯೂಮಿನಿಯಮ್ಮಿನಷ್ಟು ಸಲೀಸಾಗಿ ಅಲ್ಲ. ನಾರುಗಳ ನಡುವಿನ ಅಂಟು ಬಿಸಿಗೆ ಕೆಡುತ್ತದೆ. ಅದನ್ನು ಮರಳುದಾರಿಯಾಗಿ ಬಳಸಲಾಗದ ಕಾರಣ ಒಡಲಿನ ಉದ್ದಕ್ಕೂ ಲೋಹದ ತೊಲೆ, ಪಟ್ಟಿ, ತಂತಿಗಳದೇ ಒಂದು ಪ್ರತ್ಯೇಕ ಜಾಲವನ್ನು ಹೆಣೆದಿದ್ದಾರೆ. 787ರಲ್ಲಂತೂ ಮುಖ್ಯ ಜನರೇಟರುಗಳು ಕೊಡುವುದು ಸುಮಾರು 235 ವೋಲ್ಟ್, ನಮ್ಮ ಮನೆಯ ಮಟ್ಟದ್ದೇ. ನಮ್ಮ ಬೆಂಗಳೂರಿನಲ್ಲಿ ತಯಾರಾಗುವ ತೇಜಸ್‌ನ ಹೊರಮೈ ಕೂಡ ಬಹುಪಾಲು ಕಾಂಪೋಸಿಟ್ ಆಗಿರುವುದರಿಂದ ಈ ತಲೆನೋವು ನಮಗೆ ಹೊರಗಿನದಲ್ಲ.

ಉತ್ತರ 2: ಸರ್ಕ್ಯೂಟ್ ಮೇಷ್ಟ್ರು

ಹಳಬರು ಬರೆದಿರುವುದರಲ್ಲಿ ಸೇರಿಸಲು ಏನೂ ಇಲ್ಲ. ಅವರು ಕೈಬಿಟ್ಟ ಜುಮ್ಮೆನ್ನುವಿಕೆಯ ವಿಷಯವನ್ನು ನಾನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವಾಗ ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪುಗಳನ್ನೇ ತಂದು ತೋರಿಸಿ ಇದನ್ನು ಕೇಳುತ್ತಾರೆ.

ಲ್ಯಾಪ್‌ಟಾಪ್ ಚಾರ್ಜರಿನ ಒಳಗೆ ಟ್ರಾನ್ಸ್‌ಫಾರ್ಮರಿನ ಎರಡೂ ಬದಿಗಳನ್ನು ಸೇರಿಸುವ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ರೇಡಿಯೋ ತರಂಗಗಳ ಗಲಾಟೆಯನ್ನು ಹೊರಗೆ ಬಿಡದಿರಲು ಅದು ಬೇಕೇ ಬೇಕು. ಎರಡು ಪಿನ್ನಿನ ಪ್ಲಗ್ ಬಳಸಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಈ ಕೆಪಾಸಿಟರಿನ ಮೂಲಕ ಸರಿಸುಮಾರು ಸರಬರಾಜಿನ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಕೆಪಾಸಿಟರಿನ ಬೆಲೆ 2.2 ನ್ಯಾನೋಫ್ಯಾರಡ್ ಎಂದುಕೊಂಡರೆ, ಮನೆಯ 230 ವೋಲ್ಟ್, 50 ಹರ್ಟ್ಸಿನಲ್ಲಿ ನಿಮ್ಮ ಕೈಯ ಮೂಲಕ ಹರಿಯುವುದು ಸುಮಾರು 80 ಮೈಕ್ರೋಆಂಪಿಯರ್. ವಿಮಾನದ ಸೀಟಿನಲ್ಲಿ ಕೊಡುವುದು ಸಾಮಾನ್ಯವಾಗಿ 110 ವೋಲ್ಟ್, 60 ಹರ್ಟ್ಸ್. ಅದೇ ಲೆಕ್ಕದಲ್ಲಿ ಸುಮಾರು 45 ಮೈಕ್ರೋಆಂಪಿಯರ್ ಆಗುತ್ತದೆ. ಗಟ್ಟಿಯಾಗಿ ಹಿಡಿದ ವಸ್ತುವಿನಿಂದ ಮನುಷ್ಯನಿಗೆ ಸಾಮಾನ್ಯವಾಗಿ ತಿಳಿಯುವುದು ಅರ್ಧದಿಂದ ಒಂದು ಮಿಲಿಆಂಪಿಯರ್ ಮುಟ್ಟಿದ ಮೇಲೆ. ಹಿಡಿದದ್ದನ್ನು ಬಿಡಲಾಗದಂತೆ ಸ್ನಾಯು ಸೆಟೆಯುವುದು ಹತ್ತು ಮಿಲಿಆಂಪಿಯರ್ ದಾಟಿದ ಮೇಲೆ. ನಿಮಗೆ ತಿಳಿದದ್ದು ಮುಂಗೈಯ ತೆಳ್ಳಗಿನ ಚರ್ಮ ಲೋಹಕ್ಕೆ ಹಗುರವಾಗಿ ಸವರಿದ್ದರಿಂದ. ಅಂಗೈಯನ್ನು ಪೂರ್ತಿ ಊರಿ ನೋಡಿ, ಏನೂ ಅನಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ವಿಮಾನದ 400 ಹರ್ಟ್ಸಿನ ವಿದ್ಯುತ್ತನ್ನೇ ನೇರವಾಗಿ ಸಾಕೆಟ್‌ಗೆ ಕೊಟ್ಟಿದ್ದರೆ, ಕೆಪಾಸಿಟರಿನ ಮೂಲಕ ಸೋರುವ ಪ್ರವಾಹ ಆವರ್ತನಕ್ಕೆ ಅನುಗುಣವಾಗಿ ಆರೇಳು ಪಟ್ಟು ಹೆಚ್ಚುತ್ತಿತ್ತು. ಹಾಗೆ ಮಾಡದೆ, ಸೀಟುಗಳ ಕೆಳಗೆ ಒಂದು ಪೆಟ್ಟಿಗೆಯಿಟ್ಟು, ಅದರಲ್ಲಿ 400 ಹರ್ಟ್ಸಿನದನ್ನು 60 ಹರ್ಟ್ಸಿಗೆ ಮಾರ್ಪಡಿಸಿ ಕೊಡುತ್ತಾರೆ. ಆ ಪೆಟ್ಟಿಗೆ ಹೆಚ್ಚು ವಿದ್ಯುತ್ ಎಳೆದರೆ ಅಥವಾ ಸೋರಿಕೆ ಕಂಡರೆ ತಾನೇ ಆರಿಸಿಕೊಳ್ಳುತ್ತದೆ. ಇಂಥ ಅನೇಕ ಸಾಕೆಟ್‌ಗಳಲ್ಲಿ ಪ್ಲಗ್ಗಿನ ಎರಡೂ ಪಿನ್ನುಗಳು ಒಟ್ಟಿಗೆ ಒಳಹೋದ ಹೊರತು ವಿದ್ಯುತ್ತು ಬರುವುದೇ ಇಲ್ಲ, ಮಗುವೊಂದು ಹೇರ್‌ಪಿನ್ ತೂರಿಸಿದರೂ ಅಪಾಯವಾಗದಿರಲಿ ಎಂದು ಹೀಗೆ ಮಾಡಿದ್ದಾರೆ. ಮೂರನೇ ತೂತು ಸೇರಿರುವುದು ಹಳಬರು ಹೇಳಿದ ಆ ಒಡಲಿಗೇ. ಮೂರು ಪಿನ್ನಿನ ವೈರ್ ಬಳಸಿದರೆ ಲ್ಯಾಪ್‌ಟಾಪಿನ ಮೈ ಕೂಡ ಅದೇ ವಿಭವಕ್ಕೆ ಬರುವುದರಿಂದ ಜುಮ್ಮೆನ್ನುವುದು ನಿಲ್ಲಬೇಕು.

ಇನ್ನೊಂದು ಬಗೆಯ ಶಾಕನ್ನೂ ಇದರೊಂದಿಗೆ ಬೆರೆಸಿಕೊಳ್ಳುವವರು ಇದ್ದಾರೆ. ದೂರದ ಪ್ರಯಾಣದಲ್ಲಿ ಕ್ಯಾಬಿನ್ನಿನ ಗಾಳಿಯ ತೇವಾಂಶ ಶೇಕಡ 20ಕ್ಕಿಂತ ಕೆಳಗಿಳಿಯುತ್ತದೆ. ಹಾಸುಗಂಬಳಿಯ ಮೇಲೆ ಕಾಲೆಳೆದುಕೊಂಡು ನಡೆದು ಶೌಚಾಲಯದ ಚಿಲಕ ಮುಟ್ಟಿದರೆ ಚಟ್ ಎಂದು ಕಿಡಿ ಹಾರುತ್ತದೆ. ಅದು ನಿಮ್ಮ ಮೈಯಲ್ಲೇ ಕೂಡಿಕೊಂಡ ಸ್ಥಾಯಿ ವಿದ್ಯುತ್ತು. ವೋಲ್ಟೇಜು ಐದು ಸಾವಿರವಿದ್ದರೂ ಅದರಲ್ಲಿರುವ ಶಕ್ತಿ ಒಂದೆರಡು ಮಿಲಿಜೂಲ್ ಮಾತ್ರ, ಮೈಗೆ ಅದರಿಂದ ಯಾವ ಹಾನಿಯೂ ಇಲ್ಲ.

ತಿಪಟೂರಿನ ತೋಟಿಗ

ಇಬ್ಬರಿಗೂ ನಮಸ್ಕಾರ. ಮೇಷ್ಟ್ರೇ, ಆ ವಿಮಾನದಲ್ಲಿ ನಾನು ಬಳಸಿದ್ದು ಎರಡು ಪಿನ್ನಿನ ಪ್ಲಗ್ ಎಂಬುದು ನಿಮ್ಮ ಉತ್ತರ ಓದಿದ ಮೇಲೆ ನೆನಪಾಯಿತು. ನಿನ್ನೆ ಮನೆಯಲ್ಲಿ ಚಾರ್ಜರಿನ ಜೊತೆಗೇ ಬಂದಿದ್ದ ಮೂರು ಪಿನ್ನಿನ ವೈರ್ ಹಾಕಿ ನೋಡಿದೆ, ಜುಮ್ಮೆನ್ನುವುದು ಪೂರ್ತಿ ನಿಂತಿತು.

ಒಂದು ಸಂದೇಹ ಉಳಿದಿದೆ. ವಿಮಾನಕ್ಕೆ ನೆಲದ ಹಂಗಿಲ್ಲ ಎಂದಾದರೆ, ನಿಲ್ದಾಣದಲ್ಲಿ ಇಂಧನ ತುಂಬಿಸುವಾಗ ಟ್ಯಾಂಕರಿನಿಂದ ವಿಮಾನಕ್ಕೆ ಒಂದು ತಂತಿಯನ್ನು ಏಕೆ ಸಿಕ್ಕಿಸುತ್ತಾರೆ? ಕಿಟಕಿಯಿಂದ ಹಲವು ಸಲ ನೋಡಿದ್ದೇನೆ.

ಉತ್ತರ 3: ಏಪ್ರನ್ ಕೆಲಸಗಾರ

ಏಪ್ರನ್ನಿನಲ್ಲಿ, ಅಂದರೆ ನಿಲ್ದಾಣದಲ್ಲಿ ವಿಮಾನಗಳು ನಿಲ್ಲುವ ಅಂಗಳದಲ್ಲಿ, ಇದು ನನ್ನ ಕೆಲಸದ ಭಾಗವಾದ್ದರಿಂದ ನಾನೇ ಉತ್ತರಿಸುತ್ತೇನೆ. ಆ ತಂತಿಯ ಉದ್ದೇಶ ನೆಲ ಮುಟ್ಟಿಸುವುದಲ್ಲ, ಟ್ಯಾಂಕರನ್ನೂ ವಿಮಾನವನ್ನೂ ಒಂದೇ ವಿಭವಕ್ಕೆ ತರುವುದು. ವಿಮಾನದ ಇಂಧನ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವ ದ್ರವವಲ್ಲ. ಅದು ಕೊಳವೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಸೋಸುವ ಫಿಲ್ಟರಿನಲ್ಲಿ ವೇಗವಾಗಿ ಹಾಯುವಾಗ ವಿದ್ಯುದಾವೇಶ ಬೇರ್ಪಡುತ್ತದೆ. ಒಂದು ಬಗೆಯ ಆವೇಶ ಇಂಧನದ ಜೊತೆ ವಿಮಾನದ ಟ್ಯಾಂಕ್ ಸೇರಿದರೆ, ವಿರುದ್ಧದ್ದು ನಮ್ಮ ಟ್ಯಾಂಕರಿನಲ್ಲಿ ಉಳಿಯುತ್ತದೆ. ತಂತಿಯಿದ್ದರೆ ಎರಡೂ ಅಲ್ಲಲ್ಲೇ ಸರಿಹೋಗುತ್ತವೆ. ಇಲ್ಲದಿದ್ದರೆ ಕೊಳವೆಯ ಬಾಯಿಯನ್ನು ಜೋಡಿಸುವಾಗಲೋ ಕಳಚುವಾಗಲೋ ಕಿಡಿ ಹಾರಬಹುದು. ಮೇಷ್ಟ್ರು ಮೈಗೆ ಹಾನಿಯಿಲ್ಲ ಎಂದ ಆ ಒಂದೆರಡು ಮಿಲಿಜೂಲ್ ಇಲ್ಲಿ ಬಹಳ ದೊಡ್ಡದು. ಇಂಧನದ ಆವಿ ಗಾಳಿಯೊಂದಿಗೆ ಹದವಾಗಿ ಬೆರೆತಿದ್ದರೆ ಅದು ಹೊತ್ತಿಕೊಳ್ಳಲು ಮಿಲಿಜೂಲಿನ ಕಾಲು ಭಾಗ ಸಾಕು. ಆದ್ದರಿಂದಲೇ ಮೊದಲು ತಂತಿ, ಆಮೇಲೆ ಕೊಳವೆ. ಕಳಚುವಾಗ ಮೊದಲು ಕೊಳವೆ, ಕೊನೆಗೆ ತಂತಿ. ಆವೇಶ ಬೇಗ ಹರಿದುಹೋಗಲಿ ಎಂದು ಇಂಧನಕ್ಕೂ ಅತ್ಯಲ್ಪ ಪ್ರಮಾಣದಲ್ಲಿ ಒಂದು ರಾಸಾಯನಿಕವನ್ನು ಬೆರೆಸುವುದುಂಟು.

ಶಾಕಿನ ಬಗ್ಗೆ ಹೇಳುವುದಾದರೆ, ವಿಮಾನದ ಒಳಗೆ ಕುಳಿತವರಿಗಿಂತ ಕೆಳಗೆ ನಿಂತು ದುಡಿಯುವ ನಮಗೇ ಅಪಾಯ ಹೆಚ್ಚು. ನಿಂತಿರುವ ವಿಮಾನಕ್ಕೆ ಹೊರಗಿನಿಂದ ವಿದ್ಯುತ್ತು ಕೊಡುವ ಕೇಬಲ್ ತೋಳಿನಷ್ಟು ದಪ್ಪವಿರುತ್ತದೆ. ಅದರ ಪ್ಲಗ್ಗಿನಲ್ಲಿ ಆರು ತೂತುಗಳು. ನಾಲ್ಕು ದೊಡ್ಡವು ಮೂರು ಫೇಸಿಗೆ ಮತ್ತು ನ್ಯೂಟ್ರಲ್ಲಿಗೆ, ಎರಡು ಸಣ್ಣವು ಕಾವಲಿಗೆ. ವಿಮಾನದ ಕಡೆಯ ಸಣ್ಣ ಪಿನ್ನುಗಳು ಗಿಡ್ಡವಾಗಿರುವುದರಿಂದ ಪ್ಲಗ್ ಕೀಳುವಾಗ ಅವು ಮೊದಲು ಬಿಟ್ಟುಕೊಂಡು ವಿದ್ಯುತ್ತನ್ನು ನಿಲ್ಲಿಸುತ್ತವೆ. ಅದು ಒಳ್ಳೆಯ ಏರ್ಪಾಡು, ಆದರೆ ಕೇಬಲಿನ ಹೊದಿಕೆ ಹರಿದಿದ್ದರೆ ಅದು ಏನೂ ಮಾಡಲಾರದು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ, ಒಂದು ಮಳೆಗಾಲದ ರಾತ್ರಿ, ಪ್ಲಗ್ಗಿನ ಹಿಂಬದಿಯ ರಬ್ಬರು ಬಿರುಕು ಬಿಟ್ಟಿದ್ದನ್ನು ನೋಡದೆ ಒದ್ದೆ ಕೈಗವಸಿನಲ್ಲಿ ಅದನ್ನು ಹಿಡಿದಿದ್ದೆ, ಇನ್ನೊಂದು ಕೈ ವಿಮಾನದ ಚಕ್ರದ ಕಂಬದ ಮೇಲಿತ್ತು. ಎದೆಗೆ ಒದ್ದಂತಾಗಿ ಹಿಂದಕ್ಕೆ ಬಿದ್ದೆ. ಜೊತೆಗಿದ್ದವನು ಓಡಿಬಂದು ಯಂತ್ರ ಆರಿಸಿದ. ಮೊಣಕೈ ಒಂದು ವಾರ ನೋಯುತ್ತಿತ್ತು, ಜೀವ ಉಳಿಯಿತು. ಬಿರುಕಿನ ಬಗ್ಗೆ ಹಿಂದಿನ ಪಾಳಿಯವರು ಬರೆದಿಟ್ಟಿದ್ದರು, ಆದರೂ ಕೇಬಲ್ ಬದಲಾಯಿಸಿರಲಿಲ್ಲ. ಆ ಮಾತನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಗುಡುಗು ಮಿಂಚಿನ ಹೊತ್ತಿನಲ್ಲಿ ವಿಮಾನದ ಕೆಳಗೆ ವೈರಿನ ಹೆಡ್‌ಸೆಟ್ ಹಾಕಿಕೊಂಡು ಪೈಲಟ್ ಜೊತೆ ಮಾತಾಡುವವನಂತೂ ದೊಡ್ಡ ಗಂಡಾಂತರದಲ್ಲಿರುತ್ತಾನೆ. ಮಿಂಚು ವಿಮಾನಕ್ಕೆ ಹೊಡೆದರೆ ಒಡಲು ಮತ್ತು ನೆಲದ ನಡುವೆ ಅವನೇ ಒಂದು ದಾರಿಯಾಗುತ್ತಾನೆ. ಸಿಡಿಲಿನ ಎಚ್ಚರಿಕೆ ಬಂದಾಗ ಏಪ್ರನ್ನಿನ ಕೆಲಸ ನಿಲ್ಲಿಸುವುದು ಇದೇ ಕಾರಣಕ್ಕೆ. ವಿಮಾನ ತಡವಾಯಿತೆಂದು ಪ್ರಯಾಣಿಕರು ಬೇಸರಿಸುವಾಗ ಇದೊಂದನ್ನು ಅವರು ತಿಳಿದಿರಬೇಕು ಎಂದು ನನ್ನ ಆಸೆ.

ಉತ್ತರ 4: ಹ್ಯಾಂಗರಿನ ಹಳಬ

ಏಪ್ರನ್ ಕೆಲಸಗಾರರ ಮಾತು ನೂರಕ್ಕೆ ನೂರು ನಿಜ. ಹೆಲಿಕಾಪ್ಟರ್ ಕೆಳಗೆ ನಿಂತು ಕೊಕ್ಕೆಗೆ ಸರಕು ಸಿಕ್ಕಿಸುವವರನ್ನೂ ಇದೇ ಸಾಲಿಗೆ ಸೇರಿಸಬೇಕು. ತಿರುಗುವ ರೆಕ್ಕೆಗಳು ಒಣ ಧೂಳಿನಲ್ಲಿ ಉಜ್ಜಿ ಇಡೀ ಹೆಲಿಕಾಪ್ಟರಿಗೆ ಹತ್ತಾರು ಸಾವಿರ ವೋಲ್ಟಿನ ಆವೇಶ ಏರಿಸಬಲ್ಲವು. ಅದಕ್ಕೇ ಕೊಕ್ಕೆಯನ್ನು ಕೈಯಿಂದ ಮುಟ್ಟುವ ಮುನ್ನ, ನೆಲಕ್ಕೆ ತಂತಿ ಕಟ್ಟಿದ ಕೋಲಿನಿಂದ ಮುಟ್ಟಿಸುತ್ತಾರೆ. ವಿಮಾನಗಳಲ್ಲಿ ಇಂಥ ಆವೇಶ ಗಾಳಿಗೆ ಸೋರಿಹೋಗಲೆಂದು ರೆಕ್ಕೆಯ ಹಾಗೂ ಬಾಲದ ಹಿಂದಿನ ಅಂಚುಗಳಲ್ಲಿ ಪೆನ್ಸಿಲ್ಲಿನಂಥ ಕಡ್ಡಿಗಳನ್ನು ಕೂರಿಸಿರುತ್ತಾರೆ. ಅವು ಮುಖ್ಯವಾಗಿ ರೇಡಿಯೋ ಕರ್ಕಶವಾಗದಂತೆ ತಡೆಯಲು ಇರುವಂಥವು. ಸಿಡಿಲನ್ನು ತಡೆಯುವ ಶಕ್ತಿ ಅವಕ್ಕಿಲ್ಲ.

ತೋಟಿಗರು ಕೇಳದ ಒಂದು ಮಾತನ್ನು ಹೇಳಲೇಬೇಕು. ವಿಮಾನದಲ್ಲಿ ವಿದ್ಯುತ್ತಿನಿಂದ ನಿಜವಾಗಿ ಹೆದರಬೇಕಾದದ್ದು ಶಾಕಿಗಲ್ಲ, ಬೆಂಕಿಗೆ. 1963ರ ಡಿಸೆಂಬರ್ 8ರಂದು ಅಮೆರಿಕದ ಎಲ್ಕ್‌ಟನ್ ಬಳಿ ಪ್ಯಾನ್ ಆಮ್‌ನ ಬೋಯಿಂಗ್ 707ಕ್ಕೆ ಸಿಡಿಲು ಹೊಡೆದಾಗ, ಆ 81 ಜನರು ಸತ್ತದ್ದು ಸಿಡಿಲು ಮೈಮೇಲೆ ಹರಿದು ಅಲ್ಲ, ರೆಕ್ಕೆಯ ಟ್ಯಾಂಕಿನ ಇಂಧನದ ಆವಿ ಸ್ಫೋಟಗೊಂಡು. 1996ರ ಜುಲೈ 17ರಂದು ಟಿಡಬ್ಲ್ಯುಎ 800 ಆಕಾಶದಲ್ಲೇ ಒಡೆದು 230 ಜನ ಸತ್ತರು. ನಡುವಿನ ಟ್ಯಾಂಕಿನ ಆವಿ ಹೊತ್ತಿಕೊಂಡಿತ್ತು. ಟ್ಯಾಂಕಿನ ಹೊರಗೆಲ್ಲೋ ತಂತಿಗಳು ತಾಗಿಕೊಂಡು, ಇಂಧನದ ಮಟ್ಟ ಅಳೆಯುವ ತೆಳು ತಂತಿಯ ಮೂಲಕ ಹೆಚ್ಚಿನ ವೋಲ್ಟೇಜು ಒಳನುಗ್ಗಿರುವ ಸಾಧ್ಯತೆಯೇ ಹೆಚ್ಚು ಎಂದು ತನಿಖೆ ಹೇಳಿತು. 1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111 ಕೆನಡಾದ ಕರಾವಳಿಯಲ್ಲಿ ಸಮುದ್ರಕ್ಕೆ ಬಿದ್ದು 229 ಜನರು ಹೋದರು. ಅಲ್ಲಿ ಚಾವಣಿಯ ಮೇಲಿನ ತಂತಿಯಲ್ಲಿ ಎದ್ದ ಕಿಡಿ, ಶಾಖ ತಡೆಯಲೆಂದು ಹಾಸಿದ್ದ ಹೊದಿಕೆಗೆ ಹತ್ತಿಕೊಂಡಿತು.

ಈ ಕೊನೆಯದು ನನ್ನನ್ನು ಇಂದಿಗೂ ಕಾಡುತ್ತದೆ. ನಾನು ಮೊದಲ ಉತ್ತರದಲ್ಲಿ, ಸಾವಿರ ಆಂಪಿಯರ್ ಹರಿದು ಬ್ರೇಕರ್ ಬೀಳುತ್ತದೆ ಎಂದು ಬರೆದೆ. ತಂತಿ ತಗಡಿಗೆ ಗಟ್ಟಿಯಾಗಿ ಅಂಟಿಕೊಂಡಾಗ ಅದು ಸರಿ. ಹೊದಿಕೆ ಸವೆದ ತಂತಿ ಅಲುಗಾಟಕ್ಕೆ ಆಗಾಗ ಮಾತ್ರ ತಾಗಿ ಕಿಡಿ ಕಾರುತ್ತಿದ್ದರೆ, ಸರಾಸರಿ ಪ್ರವಾಹ ಬ್ರೇಕರಿನ ಮಿತಿಯೊಳಗೇ ಇದ್ದು ಅದು ಬೀಳುವುದಿಲ್ಲ, ಆದರೆ ಆ ಕಿಡಿಯ ಉಷ್ಣತೆ ಸಾವಿರಾರು ಡಿಗ್ರಿ ಇರುತ್ತದೆ. ಹಾಗಾಗಿ ತಂತಿಯ ಕಟ್ಟು ತಗಡಿನ ಅಂಚಿಗೆ ಉಜ್ಜುತ್ತಿದೆಯೇ, ಕಟ್ಟಿನ ಮೇಲೆ ಲೋಹದ ಸಿಪ್ಪೆ ಬಿದ್ದಿದೆಯೇ ಎಂದು ಟಾರ್ಚು ಹಿಡಿದು, ಬೆರಳಿನಿಂದ ಸವರಿ ನೋಡುವ ಕೆಲಸವನ್ನು ಯಾವ ಯಂತ್ರಕ್ಕೂ ಬಿಟ್ಟುಕೊಡಬಾರದೆಂದು ನಾನು ಹುಡುಗರಿಗೆ ಹೇಳುತ್ತಿದ್ದೆ.

ತೋಟಿಗರೇ, ತೋಟದ ಲೆಕ್ಕವನ್ನು ಮರೆಯಬೇಡಿ. ಗುಂಡಿಗೆ ಎಷ್ಟು ನೀರು ಹಾಕಿದರೂ ಬ್ರೇಕರ್ ಬೀಳುವಷ್ಟು ಪ್ರವಾಹ ಮಣ್ಣಿನಲ್ಲಿ ಹರಿಯುವ ಭರವಸೆಯಿಲ್ಲ. ಪಂಪಿಗೆ ಸೋರಿಕೆ ಗುರುತಿಸುವ ಆರ್‌ಸಿಸಿಬಿ ಹಾಕಿಸಿ. ಮನೆಗೆ 30 ಮಿಲಿಆಂಪಿಯರಿನದು ಆಗಬೇಕು, ಪಂಪಿಗೆ ಯಾವ ಬೆಲೆಯದು ಎಂಬುದನ್ನು ಸೋರಿಕೆ ಅಳೆದು ಎಲೆಕ್ಟ್ರಿಷಿಯನ್ ಹೇಳಲಿ. ಮೋಟಾರು, ಸ್ಟಾರ್ಟರ್ ಪೆಟ್ಟಿಗೆ, ಕಬ್ಬಿಣದ ಪೈಪು, ಈ ಮೂರನ್ನೂ ಒಂದೇ ತಾಮ್ರದ ತಂತಿಯಿಂದ ಪರಸ್ಪರ ಬಿಗಿಸಿ.

ತಿಪಟೂರಿನ ತೋಟಿಗ

ಸರ್, ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಸ್ಟಾರ್ಟರ್ ಪೆಟ್ಟಿಗೆಗೆ ಮಾತ್ರ ಅರ್ಥ್ ತಂತಿಯಿದೆ. ಮೋಟಾರಿನ ಬಾಡಿಗೆ ಹೋಗಬೇಕಿದ್ದ ತಂತಿ ಬೋಲ್ಟಿನ ಹತ್ತಿರ ತುಕ್ಕು ಹಿಡಿದು ತುಂಡಾಗಿತ್ತು, ಎಷ್ಟು ವರ್ಷದಿಂದಲೋ ತಿಳಿಯದು. ಅಪ್ಪ ದಿನವೂ ಬರಿಗಾಲಿನಲ್ಲಿ ಅಲ್ಲಿಯೇ ನಿಂತು ಗೇಟ್‌ವಾಲ್ ತಿರುಗಿಸುತ್ತಾರೆ. ಫ್ಯೂಸ್ ತೆಗೆದಿಟ್ಟಿದ್ದೇನೆ, ಎಲೆಕ್ಟ್ರಿಷಿಯನ್ ಮಧ್ಯಾಹ್ನ ಬರುತ್ತಾನೆ. ತಾಮ್ರದ ತಂತಿಯನ್ನೂ ಆರ್‌ಸಿಸಿಬಿಯನ್ನೂ ತರಲು ಈಗ ಪೇಟೆಗೆ ಹೊರಟಿದ್ದೇನೆ.